ಹಾಡಿನಲ್ಲಿ ಅವಳಿಗೆ ಬಾಯಿದೆಯೇ?

ಪ್ರಶ್ನೆ: ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಯುವಕ ಯುವತಿಯರು ಒಂದು ಪಂಜಾಬಿ ಪಾಪ್ ಹಾಡಿಗೆ ಕುಣಿಯಲು ತಯಾರಿ ನಡೆಸಿದ್ದಾರೆ. ಸಾಹಿತ್ಯ ಹೆಂಗಸರನ್ನು ಅವಮಾನಿಸುತ್ತದೆಂದು ಮಹಿಳಾ ವಿಭಾಗದ ಆಕ್ಷೇಪ. ‘ಬೀಟ್‌ಗೆ ಕುಣಿಯೋದು, ಪದ ಯಾರು ಕೇಳ್ತಾರೆ?’ ಅನ್ನುವುದು ಮಕ್ಕಳ ವಾದ. ನಿಜಕ್ಕೂ ಹಾನಿಯಿದೆಯೇ?

ಉತ್ತರ: ಇದೆ. ಆದರೆ ಅದಕ್ಕಾಗಿ ಶೃಂಗಾರವನ್ನು ದೂರಬೇಡಿ. ನಮ್ಮ ನೃತ್ಯದ ಪ್ರೇಮಗೀತೆಯಾದ ಜಾವಳಿಯಲ್ಲೂ ಮರಾಠಿ ಲಾವಣಿಯಲ್ಲೂ ಶೃಂಗಾರ ಧಾರಾಳವಾಗಿದೆ. ಅಲ್ಲಿ ಹೆಣ್ಣು ತಾನೇ ಕೇಳುತ್ತಾಳೆ, ಕೆಣಕುತ್ತಾಳೆ, ಬೇಡದವನನ್ನು ಗದರಿ ಕಳಿಸುತ್ತಾಳೆ. 2006ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಮೆರಿಕದ ಅಧ್ಯಯನವೊಂದು 1,461 ಹದಿಹರೆಯದವರನ್ನು ಗಮನಿಸಿತ್ತು. ಹೆಣ್ಣನ್ನು ಕೀಳಾಗಿಸುವ ಕಾಮದ ಹಾಡುಗಳನ್ನು ಹೆಚ್ಚು ಕೇಳಿದವರಲ್ಲಿ ಲೈಂಗಿಕ ಚಟುವಟಿಕೆ ಬೇಗ ಶುರುವಾಗಿತ್ತು. ಯಾರನ್ನೂ ಕೀಳಾಗಿಸದ ಶೃಂಗಾರಗೀತೆಗಳಿಗೆ ಆ ನಂಟು ಕಾಣಲಿಲ್ಲ. ಅದೇ ವರ್ಷ ಪ್ರಕಟವಾದ ಜರ್ಮನಿಯ ಪ್ರಯೋಗದಲ್ಲಿ, ಸ್ತ್ರೀದ್ವೇಷದ ಹಾಡು ಕೇಳಿದ ಗಂಡಸರು ಜೊತೆಗಿದ್ದವರಿಗೆ ಖಾರದ ಸಾಸ್ ಬಡಿಸುವಾಗ ಹೆಂಗಸರಿಗೆ ಹೆಚ್ಚು ಸುರಿದರು; ನೋಯಿಸುವ ಮನಸ್ಸಿಗೆ ಆ ಸಾಸೇ ಅಳತೆ. ಇದು ಹಾಡು ಕೇಳಿದ ಕೂಡಲೇ ಅಳೆದದ್ದು, ಜೀವನಪರ್ಯಂತದ ಪರಿಣಾಮವಲ್ಲ. ಆದರೂ ‘ಪದ ಯಾರು ಕೇಳ್ತಾರೆ’ ಎಂಬ ಮಾತಿಗೆ ಇಷ್ಟೇ ಉತ್ತರ ಸಾಕು.

ಸಭೆಯಲ್ಲಿ ಹಾಡು ಹಾಕಿ ಮತ ಕೇಳಬೇಡಿ. ರಾಗ ಕಿವಿಗೆ ಬಿದ್ದರೆ ಪದ ಹಿಂದೆ ಸರಿಯುತ್ತದೆ. ಸಾಹಿತ್ಯವನ್ನು ಪೂರ್ತಿ ಬರೆಸಿ, ಸಾಲುಸಾಲಿಗೂ ಕನ್ನಡದ ಅರ್ಥ ಹಾಕಿಸಿ, ರಾಗವಿಲ್ಲದೆ ಜೋರಾಗಿ ಓದಿಸಿ. ಓದುವವರು ಕುಣಿಯುವ ತಂಡದವರೇ ಆಗಿರಲಿ. ಆಮೇಲೆ ಕೇಳಿ: ಹಾಡಿನೊಳಗಿನ ಹೆಣ್ಣು ಒಂದಾದರೂ ಮಾತಾಡುತ್ತಾಳೆಯೇ? ಬೇಡವೆಂದಾಗ ಅವನು ನಿಲ್ಲುತ್ತಾನೆಯೇ, ಅಥವಾ ಆ ‘ಬೇಡ’ವನ್ನೇ ಒಪ್ಪಿಗೆಯೆಂದು ಹಾಡು ನಗುತ್ತದೆಯೇ? ಕುಡಿಸುವುದು, ಹಿಂಬಾಲಿಸುವುದು, ಹೊಡೆಯುವುದು ಗಂಡಸುತನವಾಗಿದೆಯೇ? ಬೈಗುಳಕ್ಕಿಂತ ಇವನ್ನು ಮೊದಲು ನೋಡಿ. 2013ರ ‘ಬ್ಲರ್ಡ್ ಲೈನ್ಸ್’ ಎಂಬ ಇಂಗ್ಲಿಷ್ ಪಾಪ್ ಹಾಡಿನ ಮೇಲೆ ಎದ್ದ ದೊಡ್ಡ ಆಕ್ಷೇಪ ಇದೇ: ಅವಳ ಮನಸ್ಸು ತನಗೆ ಗೊತ್ತೆಂದು ಗಂಡಸೇ ಹೇಳಿಬಿಡುತ್ತಾನೆ. ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘ ತನ್ನ ಕಟ್ಟಡಗಳಲ್ಲಿ ಅದನ್ನು ನಿಲ್ಲಿಸಿತು. ಅದರ ರಚನೆಯಲ್ಲಿ ಪಾಲುದಾರನಾದ ಫ್ಯಾರೆಲ್ ವಿಲಿಯಮ್ಸ್, ಹೆಣ್ಣನ್ನು ದುರುಪಯೋಗಿಸುವ ಗಂಡಸರೂ ಇದೇ ಭಾಷೆ ಆಡುತ್ತಾರೆಂಬುದು ತನಗೆ ಆಮೇಲೆ ಅರಿವಾಯಿತೆಂದು 2019ರಲ್ಲಿ ಒಪ್ಪಿಕೊಂಡ.

ಒಂದೆರಡು ಸಾಲು ಮಾತ್ರ ಕೆಟ್ಟಿದ್ದರೆ ಆ ಚರಣ ಕತ್ತರಿಸಿ, ಇಲ್ಲವೇ ಬರೀ ವಾದ್ಯದ ಟ್ರ್ಯಾಕ್ ಬಳಸಿ. ಪಲ್ಲವಿಯೇ ಅವಮಾನವಾಗಿದ್ದರೆ ಹಾಡು ಬದಲಿಸಿ: ಸಭಿಕರ ಬಾಯಲ್ಲಿ ಉಳಿಯುವುದು ಪಲ್ಲವಿ, ವಾದ್ಯ ಕೇಳಿದರೂ ಪದ ನೆನಪಾಗುತ್ತದೆ. ಕಾರಣವನ್ನು ಮಕ್ಕಳಿಗೆ ಸಾಲು ತೋರಿಸಿಯೇ ಹೇಳಿ. ‘ನಮ್ಮ ಸಂಸ್ಕೃತಿಯಲ್ಲ’ ಎಂದರೆ ವಾದ ಅಲ್ಲಿಗೇ ಕೆಡುತ್ತದೆ. ಹೊಸ ತಾಲೀಮಿಗೆ ಕನಿಷ್ಠ ಮೂರು ವಾರ ಕೊಡಿ, ಇಲ್ಲವಾದರೆ ಹಳೆಯದೇ ಗಟ್ಟಿ ಎಂದು ಎಲ್ಲರೂ ಪಟ್ಟು ಹಿಡಿಯುತ್ತಾರೆ.

ಕಾನೂನಿನ ಬೆದರಿಕೆ ಹಾಕಬೇಡಿ. ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಸಾರ್ವಜನಿಕವಾಗಿ ಇತರರಿಗೆ ಕಿರಿಕಿರಿಯಾಗುವಂತೆ ಅಶ್ಲೀಲ ಹಾಡು ಹಾಡುವುದಕ್ಕೆ ಮೂರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ಒಂದೂ ಅಶ್ಲೀಲ ಪದವಿಲ್ಲದೆ ಹೆಣ್ಣನ್ನು ತುಳಿಯುವ ಹಾಡನ್ನು ಅದು ಮುಟ್ಟುವುದಿಲ್ಲ.

ಪ್ರಶ್ನೆ: ಹದಿನಾಲ್ಕರ ಮಗನ ಫೋನಿನಲ್ಲಿ ಇಂಥ ಹಾಡುಗಳೇ ತುಂಬಿವೆ. ಅಳಿಸಿಬಿಡಲೇ? (ಪುಣೆ)

ಉತ್ತರ: ಅಳಿಸಿದರೆ ಗೆಳೆಯನ ಫೋನಿನಲ್ಲಿ ಕೇಳುತ್ತಾನೆ. ಹಾಡು ಕೇಳುವ ಆ್ಯಪ್ ಸ್ಪಾಟಿಫೈನಲ್ಲಿ ‘ಎಕ್ಸ್‌ಪ್ಲಿಸಿಟ್’ (ಬೈಗುಳ, ಅಶ್ಲೀಲ ಮಾತಿದೆ) ಎಂದು ಗುರುತಿಸಿದ ಹಾಡುಗಳನ್ನು ತಡೆಯುವ ಸೌಲಭ್ಯವಿದೆ, ಹಾಕಿಡಿ. ಆದರೆ ಆ ಗುರುತು ಹಕ್ಕುದಾರರು ಕೊಟ್ಟ ಮಾಹಿತಿಯಿಂದ ಬರುವಂಥದ್ದು, ಬೈಗುಳವಿಲ್ಲದ ತಿರಸ್ಕಾರ ಅದರಿಂದ ಜಾರಿಕೊಳ್ಳುತ್ತದೆ. ಅವನಿಗಿಷ್ಟದ ಒಂದು ಹಾಡನ್ನು ಅವನ ಜೊತೆಗೇ ಕೂತು ಪೂರ್ತಿ ಕೇಳಿ, ಮೇಲಿನ ಪ್ರಶ್ನೆಗಳನ್ನೇ ಕೇಳಿ. ಉತ್ತರ ಅವನೇ ಹೇಳಲಿ, ನಡುವೆ ಬೈಯಬೇಡಿ.