ಗಿಟಾರಿನ ಕಿವಿ ಉದುರಿದರೆ ಹೊಸ ಸೆಟ್ಟೇ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಕಾರವಾರದ ಕೋಡಿಬಾಗದವನು. ಮುಂಬೈಯಲ್ಲಿದ್ದ ನಮ್ಮ ಮಾವನ ಹಳೇ ಎಲೆಕ್ಟ್ರಿಕ್ ಗಿಟಾರ್ ಈಗ ನನ್ನ ಕೈಗೆ ಬಂದಿದೆ. ತಲೆಯ ಎರಡೂ ಕಡೆ ಮೂರು ಮೂರು ಟ್ಯೂನಿಂಗ್ ಕೀ, ಅಂದರೆ ತಂತಿ ಬಿಗಿ ಮಾಡುವ ಕಿವಿಗಳು. ಅವುಗಳ ಪ್ಲಾಸ್ಟಿಕ್ ಬಟನ್‌ಗಳು ಹಳದಿ ತಿರುಗಿ ಕುಗ್ಗಿದ ಹಾಗಿವೆ. ಮೊನ್ನೆ ಟ್ಯೂನ್ ಮಾಡುವಾಗ ಒಂದು ಬಟನ್ ಹಪ್ಪಳದ ಹಾಗೆ ಪುಡಿಯಾಯಿತು. ಈಗ ಆ ಒಂದನ್ನು ಇಕ್ಕಳದಲ್ಲಿ ತಿರುಗಿಸುತ್ತಿದ್ದೇನೆ. ಆರೂ ಕೀ ತೆಗೆಸಿ ಗ್ರೋವರ್ ಕಂಪನಿಯ ಸೆಟ್ ಹಾಕಿಸು, ಟ್ಯೂನಿಂಗೂ ಗಟ್ಟಿ ನಿಲ್ಲುತ್ತೆ ಅಂತ ಗೆಳೆಯ ಹೇಳುತ್ತಾನೆ. ಬಟನ್ ಮಾತ್ರ ಬದಲಿಸಲು ಆಗುವುದಿಲ್ಲವಾ?

ಉತ್ತರ: ಆಗುತ್ತೆ. ಮೊದಲು ಆ ಇಕ್ಕಳ ಕೆಳಗಿಡಿ. ಅದು ಬಟನ್ ಕೂರುವ ಲೋಹದ ಕಡ್ಡಿಯ ಅಂಚನ್ನು ತಿಂದುಹಾಕಿದರೆ ಹೊಸ ಬಟನ್ ಹಿಡಿದು ನಿಲ್ಲಲು ಜಾಗವೇ ಇರುವುದಿಲ್ಲ.

ಗೆಳೆಯನ ಮಾತಿಗೆ ಅವಸರ ಮಾಡಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಇವು ಕ್ಲೂಸನ್ ಕಂಪನಿಯ ಹಳೇ ಮಾದರಿಯ ಕೀಗಳು ಇರಬೇಕು. ಅವಕ್ಕೆ ಮರದಲ್ಲಿ ಕೊರೆದ ತೂತು ಸುಮಾರು 8.7 ಮಿ.ಮೀ. ಗ್ರೋವರ್‌ನ ರೋಟೊಮ್ಯಾಟಿಕ್ ಅನ್ನುವ ಕೀ ಕೂರಬೇಕಾದರೆ 10 ಮಿ.ಮೀ. ಹತ್ತಿರ ಬೇಕು. ಅಂದರೆ ಆರೂ ತೂತು ದೊಡ್ಡದು ಮಾಡಬೇಕು, ಹಿಂದಿನ ಹಳೇ ಸ್ಕ್ರೂ ಗುರುತುಗಳು ಹಾಗೇ ಉಳಿಯುತ್ತವೆ, ಮತ್ತೆ ಮೊದಲಿನ ಹಾಗೆ ಮಾಡುತ್ತೇನೆ ಅಂದರೆ ಆಗುವುದಿಲ್ಲ. ಮಾವನ ಗಿಟಾರ್ ಅಲ್ವಾ? ಕಿವಿಯೋಲೆ ಕಳೆಯಿತು ಅಂತ ಕಿವಿಯನ್ನೇ ಕೊಯ್ಯುತ್ತಾರಾ?

ಇನ್ನು ಟ್ಯೂನಿಂಗ್ ನಿಲ್ಲುವ ಮಾತು. ಬಟನ್ ಅಂದರೆ ಬರೀ ಹಿಡಿಕೆ. ಕೆಲಸ ಮಾಡುವುದು ಒಳಗಿನ ವರ್ಮ್ ಗೇರ್, ಅಂದರೆ ಸ್ಕ್ರೂವಿನಂಥ ಕಡ್ಡಿ ಮತ್ತು ಅದು ತಿರುಗಿಸುವ ಹಲ್ಲಿನ ಚಕ್ರ. ಸಾಮಾನ್ಯವಾಗಿ ಬಟನ್ ಅನ್ನು 14 ಅಥವಾ 15 ಸುತ್ತು ತಿರುಗಿಸಿದರೆ ತಂತಿ ಸುತ್ತಿದ ಕಂಬ 1 ಸುತ್ತು ಹಾಕುತ್ತದೆ. ಆದರೆ ತಂತಿ ಎಷ್ಟೇ ಎಳೆದರೂ ಆ ಗೇರ್ ತಾನಾಗಿ ಹಿಂದಕ್ಕೆ ತಿರುಗುವುದಿಲ್ಲ. ನಿಮ್ಮ ಬಟನ್ ಪುಡಿಯಾದ ಮೇಲೂ ಆ ತಂತಿ ಬಿಗಿಯಾಗೇ ಇತ್ತು, ಗಮನಿಸಿದ್ದೀರಾ? ಟ್ಯೂನಿಂಗ್ ಓಡಿಹೋಗುತ್ತಿದ್ದರೆ ನಾನು ಮೊದಲು ನೋಡುವುದು ನಟ್ ಅನ್ನು, ಅಂದರೆ ತಲೆಯ ಬುಡದಲ್ಲಿ ತಂತಿ ಕೂರುವ ಆ ಸಣ್ಣ ಪಟ್ಟಿಯನ್ನು. ಕೀ ತಿರುಗಿಸುವಾಗ ಅಲ್ಲಿ 'ಟಿಂಗ್' ಅಂತ ಸದ್ದು ಬಂದರೆ ತಂತಿ ಅಲ್ಲೇ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಮೊನೆಯನ್ನು ಆ ಗೀರಿನಲ್ಲಿ ನಾಲ್ಕು ಸಲ ಎಳೆಯಿರಿ. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಈಗ ಬಟನ್ ವಿಷಯ. ಬಟನ್‌ನ ತುದಿಯಲ್ಲಿ ಪುಟ್ಟ ಸ್ಕ್ರೂ ಕಾಣುತ್ತಾ? ಕಂಡರೆ ನಿಮ್ಮ ಅದೃಷ್ಟ. ಸ್ಕ್ರೂ ಬಿಚ್ಚಿ, ಹಳೇದು ಎಳೆದು, ಹೊಸದು ಕೂರಿಸಿದರೆ ಮುಗಿಯಿತು, ತಂತಿ ಸಡಿಲಿಸುವುದೂ ಬೇಡ. ಒಳಗಿನ ವಾಷರ್ ಯಾವ ಕ್ರಮದಲ್ಲಿತ್ತು ಅಂತ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ ಅಷ್ಟೇ. ಕಾರವಾರದ ಉಪ್ಪು ಗಾಳಿಗೆ ಸ್ಕ್ರೂ ತುಕ್ಕು ಹಿಡಿದು ಕೂತಿದ್ದರೆ ಜೋರು ಮಾಡಬೇಡಿ. ಸೂಜಿಯ ತುದಿಯಲ್ಲಿ ಒಂದೇ ಹನಿ ಹೊಲಿಗೆ ಮಶೀನ್ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಕೊಬ್ಬರಿ ಎಣ್ಣೆ ಬೇಡ, ಅದು ಆಮೇಲೆ ಅಂಟಾಗಿ ಕೂರುತ್ತದೆ.

ಸ್ಕ್ರೂ ಇಲ್ಲದಿದ್ದರೆ ಅದು ಒತ್ತಿ ಕೂರಿಸಿದ ಬಟನ್. ನಿಮ್ಮದು ಇದೇ ಅಂತ ನನಗೆ ಅನ್ನಿಸುತ್ತದೆ. ಇದಕ್ಕೆ ಬಿಸಿ ಬೇಕು, ಮತ್ತೆ ನಾನು ಸ್ವಲ್ಪ ಹೆದರಿಸುವುದೂ ಇಲ್ಲೇ. ಹಳೇ ಕಾಲದ ಇಂಥ ಬಟನ್‌ಗಳಲ್ಲಿ ಸೆಲ್ಯುಲಾಯ್ಡ್ ಇರುವುದುಂಟು. ಅದನ್ನು ಮಾಡುವುದು ನೈಟ್ರೊಸೆಲ್ಯುಲೋಸ್ ಮತ್ತು ಕರ್ಪೂರದಿಂದ. ಹೌದು, ಆರತಿಗೆ ಹಚ್ಚುವ ಅದೇ ಕರ್ಪೂರ. ವರ್ಷಗಳು ಹೋದ ಹಾಗೆ ಕರ್ಪೂರ ಆರಿಹೋಗಿ ಬಟನ್ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಜೊತೆಗೆ ಆಮ್ಲದ ಹಬೆ ಬಿಡುತ್ತಾ ಪಕ್ಕದ ಲೋಹಕ್ಕೂ ತುಕ್ಕು ಹಿಡಿಸುತ್ತದೆ. ಬೆಂಕಿ ತಾಗಿದರಂತೂ ಭಗ್ಗನೆ ಉರಿಯುತ್ತದೆ. ಚಿಕ್ಕವರಿದ್ದಾಗ ಒಡೆದ ಟೇಬಲ್ ಟೆನಿಸ್ ಚೆಂಡಿಗೆ ಕಡ್ಡಿ ಗೀರಿ ನೋಡಿದ್ದರೆ ನಿಮಗೆ ಗೊತ್ತು, ಆಗಿನ ಚೆಂಡೂ ಇದೇ ಮಾಲು. ಹಾಗಾಗಿ ಲೈಟರ್, ಗ್ಯಾಸ್ ಒಲೆ, ಮೇಣದಬತ್ತಿ ಯಾವುದೂ ಹತ್ತಿರ ಬರಬಾರದು.

ಹಳೇದನ್ನು ತೆಗೆಯಲು ಬಿಸಿಯೇ ಬೇಡ. ತಂತಿ ಸಡಿಲಿಸಿ, ಕೀಯನ್ನು ಮರದಿಂದ ಬಿಚ್ಚಿ, ಬಟನ್ ಸುತ್ತ ಬಟ್ಟೆ ಹಿಡಿದು ಇಕ್ಕಳದಲ್ಲಿ ಮೆಲ್ಲಗೆ ಒತ್ತಿ. ಅಷ್ಟು ಹಳೇದಾದರೆ ಅಡಿಕೆ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. (ಇಕ್ಕಳ ಬೇಡ ಅಂದವನು ನಾನೇ. ಬಟನ್ ಮೇಲೆ ಹಿಡಿಯಿರಿ, ಕಡ್ಡಿ ಮೇಲೆ ಅಲ್ಲ.) ಕಡ್ಡಿಯ ಮೇಲೆ ಉಳಿದ ಚೂರುಗಳನ್ನು ಪೂರ್ತಿ ಕೆರೆದು ತೆಗೆಯಿರಿ. ಆಮೇಲೆ ಸೋಲ್ಡರಿಂಗ್ ಐರನ್ ತುದಿಯನ್ನು ಬರಿ ಕಡ್ಡಿಗೆ ತಾಗಿಸಿ, ಕೆಲವು ಸೆಕೆಂಡು ಬಿಟ್ಟು ಹೊಸ ಪ್ಲಾಸ್ಟಿಕ್ ಬಟನ್ ಅನ್ನು ನೇರವಾಗಿ ಒತ್ತಿ. ಒಂದೇ ಸಲಕ್ಕೆ ಪೂರ್ತಿ ಇಳಿಯದಿದ್ದರೆ ಮತ್ತೆ ಸ್ವಲ್ಪ ಬಿಸಿ ಮಾಡಿ. ಜಾಸ್ತಿ ಹೊತ್ತು ಇಟ್ಟರೆ ಗೇರಿನ ಗ್ರೀಸ್ ಕರಗಿ ಹೊರಗೆ ಬರುತ್ತದೆ, ಬಟನ್ನೂ ಸಡಿಲವಾಗುತ್ತದೆ. ಸೊಟ್ಟ ಕೂತರೆ ಪ್ಲಾಸ್ಟಿಕ್ ತಣಿಯುವ ಮೊದಲೇ ತಿದ್ದಬೇಕು. ನಾನು ಮೊದಲ ಸಲ ಮಾಡಿದಾಗ ಒಂದು ಬಟನ್ ಓರೆಯಾಗಿ ಕೂತುಬಿಟ್ಟಿತು, ಪ್ರತಿ ಸುತ್ತಿಗೂ ಕುಂಟುತ್ತಾ ತಿರುಗುತ್ತಿತ್ತು. ಹೋಗಲಿ ಅಂತ ಬಿಟ್ಟೆ, ಎರಡು ವರ್ಷ ಹಾಗೇ ನುಡಿಸಿದೆ.

ಐರನ್ ಇಲ್ಲ ಅಂದರೆ ಅರಾಲ್ಡೈಟ್ ಒಂದು ಚೂರು ಹಚ್ಚಿ ರಾತ್ರಿಯಿಡೀ ಬಿಡಿ. ಫೆವಿಕ್ವಿಕ್ ಬೇಡವೇ ಬೇಡ. ಅದು ನೀರಿನ ಹಾಗೆ ಹರಿದು ಗೇರಿಗೆ ಹೋದರೆ ಆಗ ನಿಜವಾಗಿಯೂ ಹೊಸ ಸೆಟ್ ತರಬೇಕಾಗುತ್ತದೆ.

ಕೊಳ್ಳುವಾಗ ಒಂದು ಮಾತು. ಎಲ್ಲಾ ಬಟನ್ ಎಲ್ಲಾ ಕಡ್ಡಿಗೂ ಕೂರುವುದಿಲ್ಲ. ಗ್ರೋವರ್, ಶಾಲರ್, ಗೊಟೊ, ಕ್ಲೂಸನ್ ಅಂತ ಒಬ್ಬೊಬ್ಬರ ಕಡ್ಡಿ ಒಂದೊಂದು ಥರ. ಚಿತ್ರ ನೋಡಿ ಆನ್‌ಲೈನ್‌ನಲ್ಲಿ ತರಿಸಿದ ಒಂದು ಸೆಟ್ ಇನ್ನೂ ನನ್ನ ಡಬ್ಬಿಯಲ್ಲಿ ಬಿದ್ದಿದೆ, ಒಂದಕ್ಕೂ ತೂತು ಸರಿಹೊಂದಲಿಲ್ಲ. ನಿಮಗಂತೂ ರೈಲು ಹತ್ತಿದರೆ ಮಡಗಾಂವ್ ದೂರವಿಲ್ಲ. ಒಂದು ಕೀಯನ್ನೇ ಬಿಚ್ಚಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಹಾಕಿ ನೋಡಿ. ಲೋಹದ ಬಟನ್ ಚೆಂದ ಕಾಣುತ್ತೆ ನಿಜ, ಆದರೆ ಆರು ಸೇರಿದರೆ ತಲೆ ಭಾರ. ಹಗುರ ಮೈಯ ಗಿಟಾರ್ ಆದರೆ ಬೆಲ್ಟ್ ಹಾಕಿ ಕೈ ಬಿಟ್ಟ ತಕ್ಷಣ ತಲೆ ನೆಲ ನೋಡುತ್ತದೆ. ನಾನಾದರೆ ಪ್ಲಾಸ್ಟಿಕ್ಕೇ ಹಾಕುತ್ತೇನೆ.

ಉದುರಿದ ಚೂರುಗಳನ್ನು ಗಿಟಾರ್ ಪೆಟ್ಟಿಗೆಯಲ್ಲಿ ನೆನಪಿಗೆ ಅಂತ ಇಟ್ಟುಕೊಳ್ಳಬೇಡಿ, ಆ ಹಬೆ ಅಲ್ಲೇ ಸುತ್ತುತ್ತದೆ. ಬಚ್ಚಲೊಲೆಗಂತೂ ಹಾಕಲೇಬೇಡಿ.

ಪ್ರಶ್ನೆ: ನಾನು ಶಿರಸಿಯವಳು, ಕಾಲೇಜು ವಿದ್ಯಾರ್ಥಿನಿ. ನನ್ನ ಗಿಟಾರ್ ಹೊಸದು, ಲೋಹದ ಬಟನ್‌ಗಳು. ಎರಡು ಬಟನ್ ಗಲಗಲ ಅನ್ನುತ್ತವೆ, ಮುಟ್ಟಿದರೆ ಸಾಕು ತಿರುಗುತ್ತವೆ. ಬದಲಿಸಬೇಕಾ?

ಉತ್ತರ: ಬೇಡ. ಬಟನ್ ತುದಿಯ ಸ್ಕ್ರೂ ನೋಡಿ. ಅದು ಬಟನ್ ಹಿಡಿದಿಡುವುದಷ್ಟೇ ಅಲ್ಲ, ಎಷ್ಟು ಬಿಗಿಯಾಗಿ ತಿರುಗಬೇಕು ಅನ್ನುವುದನ್ನೂ ಅದೇ ನೋಡಿಕೊಳ್ಳುತ್ತದೆ. ಅದಕ್ಕೆ ಸರಿಹೊಂದುವ ಸ್ಕ್ರೂಡ್ರೈವರ್‌ನಿಂದ ಕಾಲು ಸುತ್ತು ಬಿಗಿ ಮಾಡಿ, ತಿರುಗಿಸಿ ನೋಡಿ, ಸಾಲದಿದ್ದರೆ ಇನ್ನೊಂದು ಕಾಲು ಸುತ್ತು. ಉಳಿದ ನಾಲ್ಕರ ಹಾಗೆ ಅನ್ನಿಸಿದ ಕೂಡಲೇ ನಿಲ್ಲಿಸಿ. ಮಳೆಗಾಲದಲ್ಲಿ ಗಿಟಾರನ್ನು ಗೋಡೆಗೆ ಒರಗಿಸಿ ಇಡಬೇಡಿ, ನಿಮ್ಮೂರಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೆ ಬೆವರುತ್ತೆ ಅಂತ ನಿಮಗೇ ಗೊತ್ತು.