ಬೈಬಲಿನೊಳಗಿದ್ದ ರಾಜೀನಾಮೆ ಪತ್ರ

ಕೆಲಸ ಬಿಟ್ಟು ದೇವರ ಸೇವೆಗೆ ಹೋಗಲೇ ಎಂದು ಕೇಳಿಕೊಂಡು ನನ್ನ ಹತ್ತಿರ ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಅವರಲ್ಲೊಬ್ಬರು ಮೂವತ್ತು ದಾಟಿದವರು, ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ, ಹೆಂಡತಿ, ಒಂದು ಮಗು. ಸಭೆಯ (ಚರ್ಚಿನ) ಉಪವಾಸ ಪ್ರಾರ್ಥನಾ ಕೂಟದಲ್ಲಿ ‘ಪೂರ್ಣಾವಧಿ ಸೇವೆಗೆ ಯಾರಿದ್ದೀರಿ?’ ಎಂದಾಗ ಕೈಯೆತ್ತಿದ್ದರು. ಅಲ್ಲಿಂದ ನಿದ್ದೆಯಿಲ್ಲ.

ಮೂರನೇ ಭೇಟಿಯಲ್ಲಿ ಬೈಬಲಿನೊಳಗಿಂದ ಮಡಚಿದ ರಾಜೀನಾಮೆ ಪತ್ರ ತೆಗೆದು ಮೇಜಿನ ಮೇಲಿಟ್ಟರು. ತಾರೀಖಿನ ಜಾಗ ಖಾಲಿ. ನಾನು ಅದನ್ನು ಓದಲಿಲ್ಲ. “ನಿನ್ನೆ ಡ್ಯೂಟಿಯಲ್ಲಿ ಏನಾಯ್ತು ಹೇಳಿ” ಅಂದೆ.

ಒಬ್ಬ ಅಜ್ಜಿ. ನರ ಸಿಗದೆ ಆಗಲೇ ಇಬ್ಬರು ಚುಚ್ಚಿ ಸೋತಿದ್ದರು. ಇವರು ಬಿಸಿ ಬಟ್ಟೆಯನ್ನು ಅಜ್ಜಿಯ ಕೈಮೇಲಿಟ್ಟು, ಮೊಮ್ಮಕ್ಕಳ ಸುದ್ದಿ ಕೇಳುತ್ತ ಹತ್ತು ನಿಮಿಷ ಕೂತರಂತೆ. ಸೂಜಿ ಒಂದೇ ಸಲಕ್ಕೆ ಹೋಯಿತು. ಇದನ್ನು ಹೇಳುವಾಗ ಅವರ ಬೆರಳು ಮೇಜಿನ ಮೇಲೂ ನರ ಹುಡುಕುತ್ತಿತ್ತು.

“ಇದು ಸೇವೆ ಅಲ್ವಾ?”

“ಅಲ್ಲ ಸರ್, ಇದು ಡ್ಯೂಟಿ.”

“ಹಾಗಂತ ಯಾರು ಹೇಳಿದ್ರು?”

ಬಹಳ ಹೊತ್ತು ಸುಮ್ಮನಿದ್ದರು. “ಯಾರೂ ಹೇಳಿಲ್ಲ. ಆದ್ರೆ ಸಭೆಯಲ್ಲಿ ದೇವರು ಮಾಡಿದ್ದನ್ನ ಸಾಕ್ಷಿ ಹೇಳೋಕೆ ಮುಂದೆ ನಿಲ್ಲಿಸೋದು ಕೆಲಸ ಬಿಟ್ಟು ಬಂದವರನ್ನ ಮಾತ್ರ.”

ನಮ್ಮ ಸಭೆಯಲ್ಲೂ ಹಾಗೇ. ದೇವರ ಕರೆಯೆಂದರೆ ಯಾಜಕರಿಗೂ ಸನ್ಯಾಸಿಗಳಿಗೂ ಮಾತ್ರ ಎಂಬ ಎಣಿಕೆಯನ್ನು ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ 16ನೇ ಶತಮಾನದಲ್ಲೇ ಎದುರಿಸಿದ್ದರು. ನಾವು ಮೈಕು ಹಿಡಿದು ಆ ಹಳೆಯ ಎಣಿಕೆಯನ್ನೇ ಮತ್ತೆ ಕಲಿಸುತ್ತಿದ್ದೇವೆ. ಇವರ ಬೈಬಲನ್ನೇ ತೆಗೆಸಿ ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ಓದಿಸಿದೆ. ದೆವ್ವ ಬಿಟ್ಟ ಮನುಷ್ಯ ತಾನೂ ಜೊತೆಗೆ ಬರುತ್ತೇನೆಂದು ದೋಣಿಯ ಬಳಿ ಬೇಡಿಕೊಂಡರೂ ಯೇಸು ಒಪ್ಪದೆ ಮನೆಯವರ ಹತ್ತಿರ ಕಳಿಸುತ್ತಾನೆ. “ಇವನಿಗೆ ಕರೆ ಇರಲಿಲ್ವಾ?” ಎಂದು ಕೇಳಿದೆ. ಉತ್ತರ ಬರಲಿಲ್ಲ.

ನಾನು ಹೇಳಿದ್ದಿಷ್ಟು: ಒಂದು ವರ್ಷ ಪತ್ರ ಕೊಡಬೇಡಿ. ಪಾಸ್ಟರ್ ಜೊತೆ ರೋಗಿಗಳ ಮನೆಗೆ ಹೋಗಿ, ಒಂದೆರಡು ಸಲ ಸಭೆಯ ಮುಂದೆ ಪ್ರಸಂಗವನ್ನೂ (ಬೋಧನೆ) ಮಾಡಿ. ನಿಮ್ಮಲ್ಲಿ ದೇವರು ಕೊಟ್ಟ ಯಾವ ವರ ಕಾಣುತ್ತದೆಂದು ಹೆಂಡತಿಯನ್ನೂ ಜೊತೆ ಕೆಲಸದವರನ್ನೂ ಕೇಳಿ. ಬೈಬಲಿನಲ್ಲೇ ನೋಡಿ, ಅಂತಿಯೋಕ್ಯ ಊರಿನ ಸಭೆಯಲ್ಲಿ ಬಾರ್ನಬನನ್ನೂ, ಮುಂದೆ ಪೌಲನೆನಿಸಿದ ಸೌಲನನ್ನೂ ಸುವಾರ್ತೆ ಸಾರಲು ಪ್ರತ್ಯೇಕಿಸಿ ಕಳಿಸಿದ್ದು ಅವರೊಂದಿಗೆ ಉಪವಾಸವಿದ್ದ ಸಭೆಯವರು. ಇಬ್ಬರೂ ತಾವೇ ಎದ್ದು ಹೊರಟವರಲ್ಲ.

ಇವರ ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, ನಾನು ಪವಿತ್ರಾತ್ಮನನ್ನು, ಅಂದರೆ ಒಳಗೆ ಪ್ರೇರಿಸುವ ದೇವರ ಆತ್ಮವನ್ನು, ನಂದಿಸುತ್ತಿದ್ದೇನೆ ಎಂದರು. ಇವರೊಳಗಿನ ಕರೆ ದೇವರದೋ ಅಲ್ಲವೋ ಎಂದು ತೀರ್ಪು ಕೊಡುವುದು ನನ್ನ ಕೆಲಸವೇ ಅಲ್ಲ. ಬೈಬಲಿನಲ್ಲಿ, ದೇವರು ಕರೆದದ್ದನ್ನು ಯಾಜಕ ಏಲಿಯ ಕೂಗೆಂದುಕೊಂಡು ಬಾಲಕ ಸಮುವೇಲ ಅವನ ಬಳಿ ಓಡುತ್ತಾನೆ. ಸಮುವೇಲನಿಗೆ ಬದಲಾಗಿ ಏಲಿ ಓಗೊಡಲಿಲ್ಲ, ಹೇಗೆ ಓಗೊಡಬೇಕೆಂದು ಹೇಳಿಕೊಟ್ಟ. ಅವನಿಗೂ ಅದು ಹೊಳೆದದ್ದು ಹುಡುಗ ಮೂರನೇ ಸಲ ಎದ್ದು ಬಂದಾಗ! ಹಿಂದೆ ಒಬ್ಬರನ್ನು ನಾನೇ ಅವಸರದಲ್ಲಿ ಹರಸಿ ಸೇವೆಗೆ ಕಳಿಸಿದ್ದೆ. ಎರಡು ವರ್ಷಕ್ಕೆ ಅವರು ಸಾಲ ಹೊತ್ತು ವಾಪಸ್ ಬಂದರು, ಹೆಂಡತಿ ಬರಲಿಲ್ಲ. ಹಾಗಾಗಿ ಅವಸರ ಬೇಡ ಎನ್ನುವುದರಲ್ಲಿ ನನ್ನ ಭಯವೂ ಇದೆ, ಒಪ್ಪುತ್ತೇನೆ.

ಎಂಟು ತಿಂಗಳಾಯಿತು. ಪ್ರಸಂಗ ಮಾಡಿದ ದಿನ ಸುಸ್ತಾಗುತ್ತದೆ, ರೋಗಿಗಳ ಮನೆಗೆ ಹೋಗಿ ಬಂದ ದಿನ ಆಗುವುದಿಲ್ಲ ಎನ್ನುತ್ತಾರೆ. ಪತ್ರ ಇನ್ನೂ ಬೈಬಲಿನಲ್ಲೇ ಇದೆ. ಹರಿದು ಹಾಕಿ ಎಂದು ನಾನೂ ಹೇಳಿಲ್ಲ.