ಕೈಗಾದಲ್ಲಿ ಫುಕುಶಿಮಾ ತರಹ ಆಗಬಹುದಾ?

ಕೈಗಾದಲ್ಲಿ ಇನ್ನೆರಡು ರಿಯಾಕ್ಟರ್ ಬರುತ್ತಿವೆ, ಜಪಾನಿನ ಫುಕುಶಿಮಾ ಅಣುಸ್ಥಾವರದಲ್ಲಿ ಆದ ಹಾಗೆ ಇಲ್ಲೂ ಆದರೆ ಗತಿ ಏನು ಅಂತ ಕೇಳಿದ್ದೀರಿ. ನಾನು ಕಾರವಾರದ ಕಡೆಯವನು, ಪಿಯು ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಸ್ಥಾವರದಲ್ಲಿ ಕೆಲಸ ಮಾಡಿದವನಲ್ಲ. ಆದರೆ ನಮ್ಮ ಕಡೆ ಈ ಪ್ರಶ್ನೆ ಮದುವೆ ಊಟದ ಪಂಕ್ತಿಯಲ್ಲೂ ಬರುತ್ತದೆ, ಉತ್ತರ ಹೇಳಿ ಅಭ್ಯಾಸವಾಗಿದೆ.

ರಿಯಾಕ್ಟರ್ ಅಣುಬಾಂಬಿನ ಹಾಗೆ ಸಿಡಿಯುವುದಿಲ್ಲ. ಕೈಗಾದಲ್ಲಿ ಬಳಸುವುದು ಸಹಜ ಯುರೇನಿಯಂ. ಬಾಂಬಿಗೆ ಬೇಕಾದ ಯುರೇನಿಯಂ-235 ಅದರಲ್ಲಿ ಶೇ 0.7 ಅಷ್ಟೇ. ಹೆದರಬೇಕಾದದ್ದು ಬೇರೆಯದಕ್ಕೆ. ಬಚ್ಚಲ ಒಲೆಯಿಂದ ಸೌದೆ ಎಳೆದ ಮೇಲೂ ಕೆಂಡದ ಬಿಸಿಗೆ ಹಂಡೆಯ ನೀರು ಕಾಯುತ್ತಲೇ ಇರುತ್ತದೆ, ಅಲ್ವಾ? ಇದೂ ಹಾಗೆಯೇ. ರಿಯಾಕ್ಟರ್ ನಿಲ್ಲಿಸಲು ಕೆಲವೇ ಸೆಕೆಂಡು ಸಾಕು. ಆದರೆ ನಿಂತ ಕೂಡಲೇ ಪೂರ್ತಿ ತಣ್ಣಗಾಗುವುದಿಲ್ಲ. ಆ ಹೊತ್ತಿಗೂ ಮೊದಲಿನ ಶಾಖದ ಶೇ 6ರಷ್ಟು ಹುಟ್ಟುತ್ತಲೇ ಇರುತ್ತದೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಕೆಂಡವನ್ನಾದರೂ ನೀರು ಹೊಯ್ದು ಆರಿಸಬಹುದು, ಇದು ಆರುವುದಿಲ್ಲ. ತಾನಾಗಿ ಇಳಿಯುವ ತನಕ ನೀರು ಹರಿಸುತ್ತಲೇ ಇರಬೇಕು. ಅದಕ್ಕೆ ಪಂಪ್ ಬೇಕು, ಪಂಪಿಗೆ ಕರೆಂಟ್ ಬೇಕು.

2011ರ ಮಾರ್ಚ್ 11ರಂದು ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರ್‌ಗಳು ಭೂಕಂಪಕ್ಕೆ ಸರಿಯಾಗಿಯೇ ನಿಂತವು. ಹೊರಗಿನ ಕರೆಂಟ್ ಹೋಯಿತು. ಮುಕ್ಕಾಲು ಗಂಟೆಯ ಮೇಲೆ ಬಂದ ಸುನಾಮಿ ನೆಲಮಾಳಿಗೆಯಲ್ಲಿದ್ದ ಡೀಸೆಲ್ ಜನರೇಟರ್‌ಗಳನ್ನು ಮುಳುಗಿಸಿತು. ಮುಂದಿನದೆಲ್ಲ ಆ ಕೆಂಡದ ಕೆಲಸ.

ನಮ್ಮಲ್ಲೂ ಒಂದು ಸಲ ಕರೆಂಟ್ ಪೂರ್ತಿ ಹೋಗಿತ್ತು. ಜಾಸ್ತಿ ಜನಕ್ಕೆ ಗೊತ್ತಿಲ್ಲ. 1993ರ ಮಾರ್ಚ್ 31ರ ನಸುಕಿನಲ್ಲಿ ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನಿನ ಅಲಗುಗಳು ಮುರಿದವು. ಜನರೇಟರ್ ತಂಪು ಮಾಡುವ ಹೈಡ್ರೋಜನ್ ಹೊತ್ತಿಕೊಂಡಿತು, ಎಣ್ಣೆಗೂ ಬೆಂಕಿ ಹತ್ತಿತು. ತುರ್ತು ಕರೆಂಟಿನ ಕೇಬಲ್‌ಗಳನ್ನೂ ಮಾಮೂಲಿ ಕೇಬಲ್‌ಗಳ ಜೊತೆಗೇ ಎಳೆದಿದ್ದರು, ಎಲ್ಲವೂ ಒಟ್ಟಿಗೆ ಸುಟ್ಟವು. ಕಂಟ್ರೋಲ್ ರೂಮಿಗೆ ಹೊಗೆ ನುಗ್ಗಿ ಸಿಬ್ಬಂದಿ ಹೊರಗೆ ಬರಬೇಕಾಯಿತು. ಕೆಲವರು ಟಾರ್ಚ್ ಹಿಡಿದು ಮೇಲೆ ಹತ್ತಿ, ಕೈಯಲ್ಲೇ ವಾಲ್ವ್ ತಿರುಗಿಸಿ ಬೋರಾನ್ ದ್ರಾವಣ ಬಿಟ್ಟರು, ಕ್ರಿಯೆ ಮತ್ತೆ ಶುರುವಾಗಬಾರದು ಅಂತ. ಬೆಂಕಿ ಆರಿಸುವ ಡೀಸೆಲ್ ಪಂಪುಗಳಿಂದಲೇ, ರಿಯಾಕ್ಟರಿನ ಶಾಖದಿಂದ ಹಬೆ ಮಾಡುವ ಬಾಯ್ಲರಿಗೆ ನೀರು ಕೊಟ್ಟರು. ಸುಮಾರು 17 ಗಂಟೆ ಹಾಗೇ ಕಳೆಯಿತು. ಬಿಸಿ ನೀರು ಮೇಲೇರಿ ತಣ್ಣನೆಯದು ಕೆಳಗಿಳಿಯುವ ಸಹಜ ಚಲನೆಯೇ ರಿಯಾಕ್ಟರ್ ಒಳಗೆ ಪಂಪಿನ ಕೆಲಸ ಮಾಡಿತು. ವಿಕಿರಣ ಹೊರಗೆ ಬರಲಿಲ್ಲ. ಇದನ್ನು ಓದಿದಾಗಲೆಲ್ಲ ನನಗೆ ಧೈರ್ಯವೂ ಬರುತ್ತದೆ, ಮೈಯೂ ನಡುಗುತ್ತದೆ.

ಕೈಗಾದ ನಾಲ್ಕೂ ಘಟಕಗಳು ನರೋರಾದ್ದೇ ಜಾತಿಯವು, ತಲಾ 220 ಮೆಗಾವ್ಯಾಟ್. ಮೊದಲನೆಯ ಘಟಕ 2018ರ ಕೊನೆಯಲ್ಲಿ ನಿಂತಾಗ 962 ದಿನ ಬಿಡುವಿಲ್ಲದೆ ಓಡಿತ್ತು, ಆಗ ಅದು ವಿಶ್ವದಾಖಲೆ. ಅದೇ ಘಟಕದ ಕಾಂಕ್ರೀಟ್ ಗುಮ್ಮಟದ ಒಳಪದರ, ಕಟ್ಟುವ ಹೊತ್ತಿಗೆ, 1994ರ ಮೇ ತಿಂಗಳಲ್ಲಿ ಕಳಚಿ ಬಿದ್ದಿತ್ತು ಅನ್ನುವುದೂ ನೆನಪಿರಲಿ. ಆಗ ಒಳಗೆ ಇಂಧನ ಇರಲಿಲ್ಲ, ಪುಣ್ಯ. 2009ರಲ್ಲಿ ಯಾರೋ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಅನ್ನುವ ವಿಕಿರಣ ಸೂಸುವ ಹೈಡ್ರೋಜನ್ ಇದ್ದ, ರಿಯಾಕ್ಟರಿನಲ್ಲಿ ಬಳಸುವ ಭಾರಜಲ ಬೆರೆಸಿ, ಹತ್ತಾರು ನೌಕರರ ದೇಹಕ್ಕೆ ಅದು ಸೇರಿತು. ಒಳಗಿನವರೇ ಮಾಡಿದ ಕೆಲಸಕ್ಕೆ ಯಾವ ಗೋಡೆ ಕಟ್ಟುತ್ತೀರಿ? ಅದಕ್ಕೇ 'ಏನೂ ಆಗಲ್ಲ' ಅಂತ ಸುಮ್ನೆ ಹೇಳುವವರನ್ನು ನಾನು ನಂಬುವುದಿಲ್ಲ. ಇದೇ ಸ್ಥಾವರವನ್ನು ವಿರೋಧಿಸಿ ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ನಿಂತಿದ್ದರು. ಅವರು ಸೋತರು, ಪ್ರಶ್ನೆ ಸೋಲಲಿಲ್ಲ.

ಹೊಸ ಎರಡು ಘಟಕಗಳು ತಲಾ 700 ಮೆಗಾವ್ಯಾಟ್. ಅವುಗಳಲ್ಲಿ ಒಂದು ಒಳ್ಳೆಯ ಬದಲಾವಣೆ ಇದೆ: ಕರೆಂಟ್ ಹೋದರೂ ಬಾಯ್ಲರಿನ ಹಬೆ ಮೇಲಿನ ತೊಟ್ಟಿಗಳಲ್ಲಿ ತಣಿದು, ನೀರಾಗಿ ತಾನಾಗಿಯೇ ಕೆಳಗಿಳಿಯುತ್ತದೆ. ನರೋರಾದಲ್ಲಿ ಪರದಾಡಿ ಮಾಡಿದ್ದರಲ್ಲಿ ಸ್ವಲ್ಪ ಭಾಗವನ್ನು ಇಲ್ಲಿ ಮೊದಲೇ ಕಟ್ಟಿಟ್ಟ ಹಾಗೆ.

ಇನ್ನು ಸುನಾಮಿ. ಕೈಗಾ ಇರುವುದು ಘಟ್ಟದ ಬುಡದಲ್ಲಿ, ಕಾಳಿ ನದಿಯ ದಂಡೆಯ ಮೇಲೆ, ಸಮುದ್ರದಿಂದ ದೂರ. ಆದರೆ ಅದೇ ನದಿಯ ಮೇಲ್ಭಾಗದಲ್ಲಿ ಕೊಡಸಳ್ಳಿ ಇದೆ, ಅದಕ್ಕೂ ಮೇಲೆ ನೂರು ಮೀಟರ್ ಎತ್ತರದ ಸೂಪಾ ಅಣೆಕಟ್ಟು. ಮಳೆಗಾಲದ ಕಾಳಿಯನ್ನು ನೋಡಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಸ್ಥಾವರದವರು ಸಿಕ್ಕರೆ ಫುಕುಶಿಮಾ ಬಗ್ಗೆ ಕೇಳಬೇಡಿ, ಮೇಲಿನ ಅಣೆಕಟ್ಟು ಒಡೆದರೆ ನೀರು ಎಲ್ಲಿಯವರೆಗೆ ಬರುತ್ತದೆ, ಡೀಸೆಲ್ ಜನರೇಟರ್ ಅದಕ್ಕಿಂತ ಎಷ್ಟು ಮೇಲಿದೆ ಅಂತ ಕೇಳಿ.